ಜಯನಗರದ ರೇಸಿಂಗ್ ಸಿಮ್ಯುಲೇಟರ್ ಸೆಂಟರ್: ನಾಲ್ಕು ಜನ ಸೇರಿ ಹೋಗಿ, ಡೇಟೋನಾ ಕೇಳಿ

ಇಲ್ಲಿಗೆ ಬರುವವರೆಲ್ಲ ಫಾರ್ಮುಲಾ ಒನ್ ಗಾಡಿಯನ್ನೇ ಕೇಳುತ್ತಾರೆ. ನೀವು ನ್ಯಾಸ್ಕಾರ್ ಕೇಳಿ, ಅಮೆರಿಕದ ಕಾರ್ ರೇಸ್ ಅದು. ಅಲ್ಲಿನ ಡೇಟೋನಾ ಓವಲ್, ಅಂದರೆ ಅಂಡಾಕಾರದ ಟ್ರ್ಯಾಕು, ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ನಾಲ್ಕೂ ಸೀಟು ತುಂಬುವಷ್ಟು ಜನ ಕರ್ಕೊಂಡು ಹೋಗಿ.

ನನ್ನದು ವಿಲ್ಸನ್ ಗಾರ್ಡನ್‌ನಲ್ಲಿ ಗ್ಯಾರೇಜು. ಗಾಡಿ ವಿಷಯದಲ್ಲಿ ಸುಲಭಕ್ಕೆ ಒಪ್ಪುವವನಲ್ಲ. ಮಕ್ಕಳಿಬ್ಬರು ಮತ್ತು ಭಾಮೈದನ ಜೊತೆ ಹೋಗಿದ್ದೆ. "ಬರೀ ಎಡಕ್ಕೆ ತಿರುಗಿಸೋದು, ಅದರಲ್ಲೇನಿದೆ ಭಾವ?" ಅಂತ ಭಾಮೈದ ಮೊದಲೇ ಮೂಗು ಮುರಿದ.

ಏನಿದೆ ಅಂತ ಸ್ಟೀರಿಂಗ್ ಹಿಡಿದ ಮೇಲೇ ಗೊತ್ತಾಗೋದು. ಡೇಟೋನಾದಲ್ಲಿ ಒಂದು ಸುತ್ತು ಎರಡೂವರೆ ಮೈಲಿ, ಅಂದರೆ 4 ಕಿಲೋಮೀಟರ್. ತಿರುವುಗಳಲ್ಲಿ ಟ್ರ್ಯಾಕು 31 ಡಿಗ್ರಿ ಓರೆ. ಟಿವಿಯಲ್ಲಿ ಅದು ಗೊತ್ತೇ ಆಗಲ್ಲ. ಇಲ್ಲಿ ಮೂರು ಸ್ಕ್ರೀನ್ ಮುಂದೆ ಕೂತರೆ ಮೊದಲ ತಿರುವು ಗೋಡೆ ಎದ್ದು ನಿಂತ ಹಾಗೆ ಎದುರಿಗೆ ಬರುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತಾನಾಗೇ ಮೇಲೇಳುತ್ತದೆ. ತೆಗೆಯಬೇಡಿ. ಒಂಟಿಯಾಗಿ ಓಡಿಸುವಾಗ ಪೂರ್ತಿ ತುಳಿದುಕೊಂಡೇ ಹೋಗಬಹುದು, ಆ ಓರೆಯೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ನನಗೆ ತುಂಬ ಹಿಡಿಸಿದ್ದು ಸ್ಟೀರಿಂಗ್. ನೇರ ದಾರಿಯಲ್ಲೂ ಅದು ಎಡಕ್ಕೆ ಎಳೆಯುತ್ತಲೇ ಇರುತ್ತದೆ. ಹಾಗೆ ಎಳೆಯೋ ಗಾಡಿ ಗ್ಯಾರೇಜಿಗೆ ಬಂದರೆ ನಾವು ವೀಲ್ ಅಲೈನ್‌ಮೆಂಟ್ ಮಾಡಿ ಕಳಿಸುತ್ತೇವೆ. ಓವಲ್ ಗಾಡಿಗೆ ಬೇಕಂತಲೇ ಹಾಗೆ ಸೆಟ್ ಮಾಡುತ್ತಾರೆ, ತಿರುವಿನಲ್ಲಿ ತಾನೇ ಒಳಗೆ ಬರಲಿ ಅಂತ. ನೇರದಲ್ಲಿ ಸ್ವಲ್ಪ ಬಲಕ್ಕೆ ಒತ್ತಿ ಹಿಡಿದಿರಬೇಕು. ಆ ಎಳೆತ ಇಲ್ಲಿ ಅಂಗೈಗೆ ಸರಿಯಾಗಿ ತಾಗುತ್ತದೆ. ಮಾಲ್‌ಗಳ ಗೇಮ್ ಝೋನ್ ಸ್ಟೀರಿಂಗಿನಲ್ಲಿ ಇದೆಲ್ಲ ಸಿಗಲ್ಲ.

ನಾಲ್ಕೂ ಸೀಟನ್ನು ಒಂದೇ ರೇಸಿಗೆ ಜೋಡಿಸಿದ ಮೇಲೆ ಆಟವೇ ಬೇರೆ. ಮುಂದಿನ ಗಾಡಿ ಗಾಳಿ ಸೀಳಿಕೊಂಡು ಹೋಗುತ್ತದೆ, ಹಿಂದೆ ಅಂಟಿಕೊಂಡವನಿಗೆ ತಡೆ ಕಡಿಮೆ. ಮುಂದಿನವನಿಗೂ ಲಾಭವೇ. ಇಬ್ಬರು ಸಾಲಾಗಿ ಹೋದರೆ ಒಂಟಿ ಗಾಡಿಗಿಂತ ಜಾಸ್ತಿ ಸ್ಪೀಡು. ಇದೇ ಡ್ರಾಫ್ಟಿಂಗ್. ಹಾಗಂತ ಅಂಟಿಕೊಂಡೇ ಇದ್ದರೆ ರೇಡಿಯೇಟರಿಗೆ ಗಾಳಿ ಸಿಗಲ್ಲ. ನನ್ನ ಗೇಜಿನಲ್ಲಿ ನೀರಿನ ಬಿಸಿ ಏರುತ್ತಾ ಹೋಯಿತು. ಸ್ವಲ್ಪ ಪಕ್ಕಕ್ಕೆ ಸರಿದು ಗ್ರಿಲ್‌ಗೆ ಗಾಳಿ ಕೊಟ್ಟೆ, ಇಳಿಯಿತು. ಸಾಫ್ಟ್‌ವೇರ್ ಮಾಡಿದವರು ಇಷ್ಟರ ಮಟ್ಟಿಗೆ ತಲೆ ಓಡಿಸಿದ್ದಾರಲ್ಲ ಅಂತ ಖುಷಿಯಾಯಿತು.

ನ್ಯಾಸ್ಕಾರ್‌ನಲ್ಲಿ ಪ್ರತಿ ಡ್ರೈವರ್‌ಗೂ ಒಬ್ಬ ಸ್ಪಾಟರ್ ಇರುತ್ತಾರೆ, ಎತ್ತರದಲ್ಲಿ ನಿಂತು ನೋಡಿ ರೇಡಿಯೋದಲ್ಲಿ ಹೇಳುವವರು. ಸೀಟಿಗೆ ಬಿಗಿದು ಕೂತ ಡ್ರೈವರ್‌ಗೆ ಅಕ್ಕಪಕ್ಕ ಸರಿಯಾಗಿ ಕಾಣಲ್ಲ, ಅಲ್ವಾ? ಸೆಂಟರ್‌ನ ಹುಡುಗ ಆ ಕೆಲಸ ತಾನೇ ವಹಿಸಿಕೊಂಡ. ನನ್ನ ಹಿಂದೆ ನಿಂತು, "ಎಡಗಡೆ ಇದಾನೆ ಸರ್... ಇನ್ನೂ ಇದಾನೆ... ಇದಾನೆ... ಕ್ಲಿಯರ್!" ಅವನು ಕ್ಲಿಯರ್ ಅನ್ನೋ ತನಕ ನಾನು ಲೇನ್ ಬಿಡಲಿಲ್ಲ. ಭಾಮೈದ ಕಾಯದೆ ಒಳಗೆ ನುಗ್ಗಿದ. ದೊಡ್ಡ ಮಗನ ಬಂಪರ್‌ಗೆ ತಾಗಿ ಇಬ್ಬರೂ ಗೋಡೆಗೆ. ನಿಜವಾದ ಡೇಟೋನಾ 500ರಲ್ಲಿ ಸುಮಾರು 40 ಗಾಡಿ ಹೀಗೆ ಒತ್ತೊತ್ತಾಗಿ 200 ಸುತ್ತು ಓಡುತ್ತವೆ. ಒಬ್ಬ ತಪ್ಪಿದರೆ ಹತ್ತಾರು ಗಾಡಿ ಪುಡಿಯಾಗುತ್ತವೆ. ಆ ಹುಡುಗನಿಗೆ ಪೂರ್ತಿ ಐದು ಸ್ಟಾರ್ ನನ್ನ ಕಡೆಯಿಂದ.

ಸೆಂಟರ್‌ಗೆ ನಾಲ್ಕು ಸ್ಟಾರ್. ಅರ್ಧ ಗಂಟೆಗೆ ತಲಾ 500 ರೂಪಾಯಿ, ಅದಕ್ಕೆ ಬೇಜಾರಿಲ್ಲ. ಆದರೆ ಸೀಟು, ಪೆಡಲ್ ಹೊಂದಿಸಿಕೊಳ್ಳುವ ಹೊತ್ತನ್ನೂ ಆ ಅರ್ಧ ಗಂಟೆಯಲ್ಲೇ ಹಿಡಿಯುತ್ತಾರೆ. ಅದು ಸರಿಯಲ್ಲ. ಸೀಟಿನ ಎತ್ತರ ಬದಲಾಗಲ್ಲ, ಚಿಕ್ಕ ಮಗನಿಗೆ ಬೆನ್ನ ಹಿಂದೆ, ಕೆಳಗೆ ದಿಂಬು ಇಡಬೇಕಾಯಿತು. ಮೂರನೇ ಸೀಟಿನ ಬ್ರೇಕ್ ಪೆಡಲ್ ಅಲ್ಲಾಡುತ್ತದೆ. ಪಾರ್ಕಿಂಗ್ ಇಲ್ಲ, ಜಯನಗರ ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ.

ಸೆಂಟರ್‌ನವರಿಗೆ ಒಂದು ಕೋರಿಕೆ. ಮಾರ್ಟಿನ್ಸ್‌ವಿಲ್ ಟ್ರ್ಯಾಕನ್ನೂ ಸೇರಿಸಿ. ಅರ್ಧ ಮೈಲಿಯಷ್ಟೇ ಇರೋ ಟ್ರ್ಯಾಕು, ಅಲ್ಲಿ ಬ್ರೇಕಿಗೇ ಕೆಲಸ ಜಾಸ್ತಿ. ಫಾರ್ಮುಲಾ ಒನ್ ಓಡಿಸಿದ್ದ ನಮ್ಮ ನರೇನ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರ್‌ನ ಪಿಕಪ್ ಟ್ರಕ್ ರೇಸಿಗೆ ಮೊದಲು ಇಳಿದದ್ದು ಅಲ್ಲೇ, 13ನೆಯವರಾಗಿ ಮುಗಿಸಿದರು. ಅಷ್ಟರೊಳಗೆ ಆ ಪೆಡಲ್‌ನ ಬೋಲ್ಟ್ ಟೈಟ್ ಮಾಡಿಸಿ. ಟ್ರ್ಯಾಕು ಹಾಕಿದ ದಿನ ಒಂದು ಫೋನ್ ಮಾಡಿ, ನಾಲ್ಕೂ ಸೀಟು ನಮಗೇ.