ಸನ್ಮಾನದ ವೇದಿಕೆ ಮೇಲೆ ಅರ್ಜಿ ಕೊಡಬೇಡಿ: ಮಾಜಿ ಸೈನಿಕರ ಮನೆಯವರಿಗೆ ಎಚ್ಚರಿಕೆ

ಆಳಂದ, ಅಫಜಲಪುರ, ಜೇವರ್ಗಿ, ಸೇಡಂ ಕಡೆಯ ಮಾಜಿ ಸೈನಿಕರ ಮನೆಯವರು ದಯವಿಟ್ಟು ಇದನ್ನು ಓದಿ. ಸನ್ಮಾನಕ್ಕೆ ಕರೆದರೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಯಾವ ಕಾಗದವನ್ನೂ ಕೊಡಬೇಡಿ. ಒಂದೂ ಕೊಡಬೇಡಿ.

ನಮ್ಮ ಅಪ್ಪ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ಹವಾಲ್ದಾರ್ ಆಗಿ ರಿಟೈರ್ ಆದವರು. ಸ್ವಂತ ಜಮೀನಿಲ್ಲ. 1969ರ ಭೂ ಮಂಜೂರಾತಿ ನಿಯಮದಲ್ಲಿ, ಹಂಚುವ ಸರ್ಕಾರಿ ಜಮೀನಿನಲ್ಲಿ ಶೇ. 10ರಷ್ಟು ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲು ಅಂತ ಇದೆ. ಅದನ್ನೇ ನಂಬಿ ಅಪ್ಪ ವರ್ಷಗಟ್ಟಲೆ ಅಲೆದಿದ್ದಾರೆ.

ಜನವರಿ 14ರ ಮಾಜಿ ಸೈನಿಕರ ದಿನಕ್ಕೆ ಮೊದಲು ಕಲಬುರಗಿಯ ಒಂದು ಸರ್ಕಾರಿ ಕಚೇರಿಯಿಂದ ಫೋನ್ ಬಂತು. "ಅಪ್ಪಾರನ್ನ ಕರ್ಕೊಂಡ್ ಬರ್ರಿ, ಮೆಡಲ್ ಹಾಕ್ಕೊಂಡು ಬರ್ಲಿ. ಜಮೀನಿನ ಅರ್ಜಿನೂ ತರ್ರಿ, ಸ್ಟೇಜ್ ಮ್ಯಾಲೇ ಸಾಹೇಬರ ಕೈಗೆ ಕೊಡೋಣು. ಡಿಸ್ಚಾರ್ಜ್ ಬುಕ್ ಅಸಲೇ ಬೇಕ್ರಿ, ಜೆರಾಕ್ಸ್ ನಡೆಯಂಗಿಲ್ಲ."

ಡಿಸ್ಚಾರ್ಜ್ ಬುಕ್ ಅಂದರೆ ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಸೇವಾ ದಾಖಲೆ. ಅಸಲೇ ಬೇಕು ಅಂದವರು ಅವರು. ನೆನಪಿಡಿ.

ಸಂಕ್ರಮಣದ ಹಬ್ಬ ಬಿಟ್ಟು ಹೋದೆವು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಪ್ಪ ಫೈಲ್ ಕೊಟ್ಟರು, ಸಾಹೇಬರು ನಗುತ್ತಾ ತೆಗೆದುಕೊಂಡರು, ಫೋಟೋ ಆಯಿತು. ಮರುದಿನ ಪೇಪರಿನಲ್ಲೂ ಬಂತು. ಅಪ್ಪ ಊರೆಲ್ಲ ತೋರಿಸಿದರು. ಈ ಸಲ ಕೆಲಸ ಆಯ್ತು ಅಂತಲೇ ಅಂದುಕೊಂಡಿದ್ದರು.

ಆಮೇಲೆ ಕಚೇರಿಗೆ ಹೋಗಿ ಕೇಳಿದರೆ, "ಯಾವ ಅರ್ಜಿ?"

ಸ್ಟೇಜ್ ಮೇಲೆ ಕೊಟ್ಟಿದ್ದು ಅಂದೆವು. "ಇನ್‌ವರ್ಡ್ ನಂಬರ್ ಹೇಳ್ರಿ." ಅಂದರೆ ಅರ್ಜಿ ಬಂದಾಗ ಕಚೇರಿಯಲ್ಲಿ ದಾಖಲಿಸಿ ಕೊಡುವ ನಂಬರ್. ನಂಬರ್ ಕೊಡಲೇ ಇಲ್ಲವಲ್ಲ ಅಂದೆವು. "ಹಂಗಾದ್ರ ಅರ್ಜಿ ಬಂದಿಲ್ಲ." ಪೇಪರ್ ಕಟಿಂಗ್ ಮುಂದಿಟ್ಟೆ. ಅವರದೇ ಸಾಹೇಬರು, ಕೈಯಲ್ಲಿ ನಮ್ಮದೇ ಫೈಲ್. ಆ ಗುಮಾಸ್ತ ಅದನ್ನು ನೋಡಿ, "ಫೋಟೋ ದಾಖಲೆ ಆಗೋದಿಲ್ರಿ" ಅಂದ. ಅವರು ಕರೆದದ್ದೇ ಆ ಫೋಟೋಕ್ಕೆ ಅಂತ ಆಗ ಗೊತ್ತಾಯಿತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಸಾಲಿನಲ್ಲಿದ್ದ ಜನರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಇನ್ನೊಬ್ಬರು, "ಸನ್ಮಾನ ಮಾಡೀವಲ್ಲ, ಇನ್ನೇನ್ ಬೇಕ್ರಿ ಇವರಿಗೆ?"

ಇನ್ನೇನು ಬೇಕು! ಆ ಮಾತು ಇವತ್ತಿಗೂ ತಡೆದುಕೊಳ್ಳಲು ಆಗುತ್ತಿಲ್ಲ. ಜನವರಿ 14 ಅಂದರೆ ನಮ್ಮ ನಾಡಿನವರೇ ಆದ ಸೇನಾ ಮುಖ್ಯಸ್ಥ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ. ಅದೇ ದಿನ ಕರೆದು ಹೀಗೆ ಮಾಡುವುದಾ? ಡಿಸ್ಚಾರ್ಜ್ ಬುಕ್ ಇನ್ನೂ ಸಿಕ್ಕಿಲ್ಲ. ಎಲ್ಲಿದೆ ಅಂದರೆ "ಹುಡುಕ್ತೀವಿ" ಅನ್ನುತ್ತಾರೆ, ಅಷ್ಟೇ. ನಕಲು ಬೇಕಾದರೆ ಪೊಲೀಸ್ ದೂರು, ಅಫಿಡವಿಟ್, ಸೈನ್ಯದ ರೆಕಾರ್ಡ್ಸ್ ಆಫೀಸಿಗೆ ಪತ್ರ, ಎಲ್ಲ ನಾವೇ ಮಾಡಬೇಕು. ಕಳೆದವರು ಅವರು, ಓಡಾಟ ನಮಗೆ.

ಯಾರು ಕರೆದರೂ ಅಸಲು ಕೊಡಬೇಡಿ. ಅರ್ಜಿಯನ್ನು ಕೌಂಟರಿನಲ್ಲೇ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಂಡೇ ಬನ್ನಿ. ಎಷ್ಟೇ ದೊಡ್ಡ ಸಾಹೇಬರಾಗಲಿ, ನಗುನಗುತ್ತಾ ಕೈ ಚಾಚಿದರೂ ಫೈಲ್ ಕೊಡಬೇಡಿ.

ನಾವು ಈಗ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ: ಆ ದಿನ ವೇದಿಕೆ ಮೇಲೆ ತೆಗೆದುಕೊಂಡ ಫೈಲ್‌ಗಳು ಎಲ್ಲಿಗೆ ಹೋದವು ಅಂತ. 30 ದಿನದಲ್ಲಿ ಉತ್ತರ ಕೊಡಬೇಕು. ಅವತ್ತು ನಮ್ಮ ಹಾಗೆ ಫೈಲ್ ಕೊಟ್ಟವರು ಇನ್ನೂ ಇದ್ದರು. ನೀವೂ ಹಾಕಿ, ಈ ವಾರವೇ ಹಾಕಿ. ಈ ಸಲ ನಂಬರ್ ತೆಗೆದುಕೊಳ್ಳಿ.