ಸಕ್ಕರೆ ತೂಗಿ ಪರಮಾಣು ಎಣಿಸುವ ಪಾಠ: ಮಂಡ್ಯದ ಒಂದು ಬೇಸಿಗೆ ತರಗತಿ

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಿಗಾಗಿ ಮಂಡ್ಯದ ಚರ್ಚೊಂದರ ಸಭಾಂಗಣದಲ್ಲಿ ನಡೆಯುವ ರಸಾಯನಶಾಸ್ತ್ರ ತರಗತಿಗೆ ಈ ಬೇಸಿಗೆಯಲ್ಲಿ ಮಗಳನ್ನು ಸೇರಿಸಿದ್ದೆ. ಪೋಷಕರು ಹಿಂದಿನ ಬೆಂಚಿನಲ್ಲಿ ಕೂರಲು ಅಡ್ಡಿಯಿಲ್ಲದ್ದರಿಂದ ನಾನೂ ಕೂತು ಕೇಳಿದೆ. ಪರಮಾಣುವಿನ ರಚನೆ, ಸೂತ್ರಗಳಲ್ಲಿ ಪರಮಾಣುಗಳ ಎಣಿಕೆ, ಮೋಲ್ (ಕಣಗಳನ್ನು ತೂಕದ ಮೂಲಕ ಎಣಿಸಲು ಬಳಸುವ ಅಳತೆ) ಪರಿಕಲ್ಪನೆ, ಇಷ್ಟೇ ಪಠ್ಯ. ಪಾಠದ ಕೊನೆಗೆ ಬೈಬಲ್ಲಿನ ಒಂದು ವಚನದ ಚಿಂತನೆ ಇರುತ್ತದೆ. ಬೇಡವೆನ್ನುವವರು ಎದ್ದು ಹೋಗಬಹುದೆಂದು ಮೊದಲೇ ತಿಳಿಸುತ್ತಾರೆ.

ಎಣಿಕೆಯ ಪಾಠಕ್ಕೆ ನೂರಕ್ಕೆ ನೂರು ಕೊಡಬಹುದು. ಶಿಕ್ಷಕರು ಅಲ್ಯೂಮಿನಿಯಂ ಸಲ್ಫೇಟಿನ ಸೂತ್ರ Al₂(SO₄)₃ ಅನ್ನು ಹಲಗೆಯ ಮೇಲೆ ಬರೆದು, ಆವರಣದ ಹೊರಗಿನ 3 ಒಳಗಿನ ಗಂಧಕ, ಆಮ್ಲಜನಕ ಎರಡಕ್ಕೂ ಅನ್ವಯಿಸುತ್ತದೆಂದು ತೋರಿಸಿ, 2 ಅಲ್ಯೂಮಿನಿಯಂ, 3 ಗಂಧಕ, 12 ಆಮ್ಲಜನಕ ಸೇರಿ ಒಟ್ಟು 17 ಪರಮಾಣುಗಳೆಂದು ಮಕ್ಕಳ ಬಾಯಲ್ಲೇ ಹೇಳಿಸಿದರು. ಮರುದಿನ ಸಕ್ಕರೆಯ ಸರದಿ. ಈ ಊರಿನಲ್ಲಿ ಬೇರೇನು ತಂದಾರು! ಒಂದು ಸಕ್ಕರೆ ಅಣುವಿನಲ್ಲಿ 12 ಇಂಗಾಲ, 22 ಜಲಜನಕ, 11 ಆಮ್ಲಜನಕ, ಅಂದರೆ 45 ಪರಮಾಣುಗಳು. 342 ಗ್ರಾಂ ತೂಗಿ ಸ್ಟೀಲ್ ತಟ್ಟೆಗೆ ಸುರಿದು, ಇದೇ ಒಂದು ಮೋಲ್, ಇದರಲ್ಲಿರುವ ಅಣುಗಳು ಸುಮಾರು 6.022 × 10²³ ಎಂದಾಗ, ಪುಸ್ತಕದಲ್ಲಿ ಬರೀ ಅಂಕಿಯಾಗಿದ್ದ ಅವೊಗಾಡ್ರೊ ಸಂಖ್ಯೆಗೆ ಒಂದು ತೂಕ ಬಂದಿತು.

ಅಂದಿನ ಚಿಂತನೆಯೂ ಪಾಠದಿಂದಲೇ ಹುಟ್ಟಿದ್ದು. ನಾವು ಪರಮಾಣುಗಳನ್ನು ತೂಕದ ಮೂಲಕ ರಾಶಿಯಾಗಿ ಎಣಿಸುತ್ತೇವೆ, ಅವುಗಳಲ್ಲಿ ಒಂದನ್ನೂ ಬೇರೆಯಾಗಿ ಅರಿಯೆವು. 147ನೇ ಕೀರ್ತನೆಯ ದೇವರಾದರೋ ನಕ್ಷತ್ರಗಳನ್ನು ಎಣಿಸಿ ಒಂದೊಂದನ್ನೂ ಹೆಸರಿಡಿದು ಕರೆಯುತ್ತಾನೆ ಎಂದರು. ವಿಶ್ವಾಸವಿಲ್ಲದವರಿಗೂ ಯೋಚಿಸಲು ಯೋಗ್ಯವಾದ ಮಾತಿದು.

ವಚನವನ್ನು ಪಾಠದ ಬದಲಿಗೆ ಅಲ್ಲ, ಪಾಠದ ಜೊತೆಗೆ ಇಡುವ ಈ ಎಚ್ಚರ ಪರಮಾಣು ರಚನೆಯ ಪಾಠದಲ್ಲಿ ತಪ್ಪಿತು. ಧನ ವಿದ್ಯುದಂಶದ ಪ್ರೋಟಾನ್‌ಗಳು ಪರಸ್ಪರ ವಿಕರ್ಷಿಸಬೇಕಲ್ಲ, ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಚೆದುರದಿರುವುದು ಹೇಗೆ ಎಂದು ಹುಡುಗನೊಬ್ಬ ಕೇಳಿದ್ದಕ್ಕೆ, ಸಮಸ್ತವೂ ಕ್ರಿಸ್ತನಲ್ಲಿ ನೆಲೆಗೊಂಡಿದೆ ಎನ್ನುವ ಕೊಲೊಸ್ಸೆ ಪತ್ರಿಕೆಯ ವಚನವನ್ನು ಹೇಳಿ ಮುಂದೆ ಹೋದರು. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಅತ್ಯಲ್ಪ ದೂರದಲ್ಲಿ ಮಾತ್ರ ಬಿಗಿಹಿಡಿಯುವ ಪ್ರಬಲ ಬಲವೊಂದಿದೆ ಎಂದು ಮೊದಲು ತಿಳಿಸಿದ್ದರೆ ವಚನಕ್ಕೆ ಯಾವ ಕುಂದೂ ಬರುತ್ತಿರಲಿಲ್ಲ, ಹುಡುಗನಿಗೆ ಉತ್ತರವೂ ಸಿಗುತ್ತಿತ್ತು. ಎಲೆಕ್ಟ್ರಾನ್‌ಗಳ ವೃತ್ತಾಕಾರದ ಪಥಗಳು 1913ರ ಬೋರ್ ಮಾದರಿಯೇ ಹೊರತು ಇಂದಿನ ಅಂತಿಮ ಚಿತ್ರಣವಲ್ಲ ಎಂಬುದನ್ನೂ ಹೇಳಬೇಕಿತ್ತು.

ಶುಲ್ಕವಿಲ್ಲ, ಜೆರಾಕ್ಸ್ ಖರ್ಚು ಮಾತ್ರ. ಕನ್ನಡ ಮಾಧ್ಯಮದ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು, ಏಕೆಂದರೆ ನೋಟ್ಸಿನಲ್ಲಿ ಪ್ರತಿಯೊಂದು ಪಾರಿಭಾಷಿಕ ಪದಕ್ಕೂ ಕನ್ನಡ, ಇಂಗ್ಲಿಷ್ ಎರಡೂ ರೂಪಗಳಿವೆ. ನ್ಯೂಕ್ಲಿಯಸ್ಸಿನ ಪಾಠವನ್ನು ಮಾತ್ರ ಮನೆಯಲ್ಲಿ ಪಠ್ಯಪುಸ್ತಕ ಇಟ್ಟುಕೊಂಡು ಇನ್ನೊಮ್ಮೆ ಓದಿಸಿ.