ಜಾಲರಿ ನೋಡಿ ಮರುಳಾಗಬೇಡಿ, ಹೊಲಿಗೆ ನೋಡಿ

ಮನೆಯಲ್ಲೇ ಮಾಲ್ಟ್ ಕಾಳಿನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಧಾನ್ಯ) ಬಿಯರ್ ಮಾಡುವವರಿಗೆ, ಅದರಲ್ಲೂ ಮೊದಲ ಸಲ ಕಾಳು ನೆನೆಸುವ ಚೀಲ ಕೊಳ್ಳಲು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ‘ಎಲ್ಲ ಪಾತ್ರೆಗೂ ಆಗುತ್ತದೆ’ ಅಂತ ಬರೆದು ಮಾರುವ ಜಾಲರಿ ಚೀಲವನ್ನು ದಯವಿಟ್ಟು ಕೊಳ್ಳಬೇಡಿ. ಅಂಥದೊಂದು ಚೀಲ ಬಿಸಿ ಪಾತ್ರೆಯ ಮೇಲೆ, ನನ್ನ ಕೈಯಲ್ಲಿರುವಾಗಲೇ ತಳ ಬಿಟ್ಟಿತು. ಬಿಯರ್ ಹಾಳಾಗಿದ್ದು ಸಣ್ಣ ನಷ್ಟ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಮಗುವೊಂದು ನಿಂತಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹೊಸಬರಿಗೆ ಎರಡು ಮಾತು. ಚೀಲದಲ್ಲಿ ಬಿಯರ್ ಮಾಡುವ ಈ ಪದ್ಧತಿಯಲ್ಲಿ ಇರುವುದು ಒಂದೇ ಪಾತ್ರೆ. ಅದರೊಳಗೆ ಜಾಲರಿ ಚೀಲ ಇಳಿಸಿ, ಬಿಸಿನೀರಿಗೆ ಒಡೆದ ಮಾಲ್ಟ್ ಸುರಿದು, 65ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಬಿಡುತ್ತೇವೆ. ಕಾಳಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆಮೇಲೆ ಚೀಲ ಮೇಲೆತ್ತಿದರೆ ಸಿಹಿ ನೀರು, ಅಂದರೆ ವರ್ಟ್, ಪಾತ್ರೆಯಲ್ಲೇ ಉಳಿಯುತ್ತದೆ. ಅದನ್ನೇ ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು, ಹಾಕಿ ಕುದಿಸುವುದು. ಆಸ್ಟ್ರೇಲಿಯಾದ ಹವ್ಯಾಸಿಗಳು 2000ರ ದಶಕದಲ್ಲಿ ಈ ಪದ್ಧತಿಯನ್ನು ಜನಪ್ರಿಯ ಮಾಡಿದರು. ಬೇರೆ ಬೇರೆ ಪಾತ್ರೆಗಳಿಲ್ಲ, ಸೋಸುವ ತಟ್ಟೆ ಇಲ್ಲ, ಖರ್ಚೂ ಕಡಿಮೆ. ಆದರೆ ಅಷ್ಟೂ ಕೆಲಸದ ಭಾರ ಒಂದು ಚೀಲದ ಮೇಲೆ ಬಿತ್ತು, ಅಲ್ವಾ? ಮಾರುವವರು ಇದನ್ನು ಹೇಳುವುದಿಲ್ಲ.

ನಾನು ತಂದ ಚೀಲದ ಪೊಟ್ಟಣದ ಮೇಲೆ ‘20 ಲೀಟರ್ ಬಿಯರ್‌ಗೆ’ ಅಂತ ದಪ್ಪ ಅಕ್ಷರದಲ್ಲಿತ್ತು. 20 ಲೀಟರ್‌ಗೆ ಸಾಧಾರಣವಾಗಿ 5 ಕಿಲೊ ಕಾಳು ಬೇಕು. ಅಷ್ಟೇ ಹಾಕಿದ್ದೆ. ಗಂಟೆ ಮುಗಿದ ಮೇಲೆ ನಿಧಾನವಾಗಿ ಎತ್ತಿದೆ. ಚೀಲ ನೀರಿನಿಂದ ಪೂರ್ತಿ ಹೊರಗೆ ಬರುವ ಹೊತ್ತಿಗೆ ಕೆಳಗಿನ ಒಂದು ಮೂಲೆಯಿಂದ ಚರ್ರನೆ ಸದ್ದು ಬಂತು. ಏನು ಅಂತ ತಿಳಿಯುವ ಮೊದಲೇ ತಳ ಅರ್ಧ ತೆರೆದುಕೊಂಡು ನುಚ್ಚೆಲ್ಲ ದಬಕ್ ಅಂತ ವರ್ಟ್‌ಗೆ ಬಿತ್ತು. ಮುಂಗೈಗೆ, ಒಲೆಗೆ, ಗೋಡೆಗೆಲ್ಲ ಸಿಡಿಯಿತು. ಉದ್ದ ತೋಳಿನ ಅಂಗಿ ಇದ್ದದ್ದರಿಂದ ಚರ್ಮ ಕೆಂಪಾಗಿ ಉರಿದದ್ದಷ್ಟೇ. ಅಷ್ಟು ಬಿಸಿಯ ನೀರು ಬರಿ ಮೈಮೇಲೆ ಒಂದೆರಡು ಸೆಕೆಂಡ್ ನಿಂತರೂ ಗಾಯ ಆಳವಾಗುತ್ತದೆ. ಅದೂ ಇದು ಸಕ್ಕರೆ ತುಂಬಿದ ನೀರು, ಮೈಗೆ ಅಂಟಿಕೊಳ್ಳುತ್ತದೆ.

ಆಮೇಲೆ ಹರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ದಾರ ತುಂಡಾಗಿರಲಿಲ್ಲ. ಹೊಲಿಗೆಯ ಸಾಲು ಹಾಗ್ಹಾಗೇ ಇತ್ತು. ಬಟ್ಟೆಯ ಎಳೆಗಳೇ ಹೊಲಿಗೆಯ ಹಿಡಿತದಿಂದ ಜಾರಿ ಈಚೆ ಬಂದಿದ್ದವು. ಎರಡು ತುಂಡು ಬಟ್ಟೆಯನ್ನು ತೀರಾ ಅಂಚಿನಲ್ಲಿ, ಮೂರು ನಾಲ್ಕು ಮಿಲಿಮೀಟರ್ ಬಿಟ್ಟು, ಒಂದೇ ಸಾಲು ಹೊಲಿದಿದ್ದರು. ಅಂಚು ಮಡಚಿರಲಿಲ್ಲ. ಇಂಥ ಬಟ್ಟೆಯ ಎಳೆಗಳು ನುಣುಪು, ಒಂದಕ್ಕೊಂದು ಹಿಡಿದು ನಿಲ್ಲುವುದಿಲ್ಲ. ಕತ್ತರಿಸಿದ ಅಂಚಿಗೆ ಇಷ್ಟು ಹತ್ತಿರ ಹೊಲಿದರೆ ಭಾರ ಬಿದ್ದ ಕೂಡಲೇ ಬಿಚ್ಚಿಕೊಳ್ಳದೆ ಇನ್ನೇನಾಗುತ್ತದೆ? ಇದು ಹೊಲಿಯುವವರಿಗೆ ಗೊತ್ತಿರಲೇಬೇಕಾದ ವಿಷಯ. ಗೊತ್ತಿದ್ದೂ ಹಾಗೆ ಹೊಲಿದು ಮಾರುತ್ತಾರಲ್ಲ, ನನ್ನ ಸಿಟ್ಟು ಅದಕ್ಕೆ.

ಮಾರಿದವರನ್ನು ಕೇಳಿದರೆ ‘ಭಾರ ಜಾಸ್ತಿ ಹಾಕಿದ್ದೀರಿ’ ಅಂದರು. ಲೆಕ್ಕ ನೀವೇ ನೋಡಿ. ಒಂದು ಕಿಲೊ ಮಾಲ್ಟ್ ಸೋರಿ ಮುಗಿದ ಮೇಲೂ ಸುಮಾರು ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. 5 ಕಿಲೊ ಕಾಳು ಅಂದರೆ ಸೋರಿದ ಮೇಲೇ 10 ಕಿಲೊ ಹತ್ತಿರ. ಎತ್ತುವ ಆ ಮೊದಲ ಗಳಿಗೆಯಲ್ಲಿ ಇನ್ನೂ ಸೋರದ ನೀರೂ ಸೇರಿ ಅದಕ್ಕಿಂತ ಎಷ್ಟೋ ಜಾಸ್ತಿ. ‘20 ಲೀಟರ್’ ಅಂತ ಬರೆಯುವವರು ಈ ಭಾರವನ್ನು ತಡೆಯುವ ಚೀಲವನ್ನೇ ಕೊಡಬೇಕು. ಇಲ್ಲದಿದ್ದರೆ ಹಾಗೆ ಬರೆಯಬಾರದು.

ಹೀಗಾಗಿ ಕೊಳ್ಳುವಾಗ ಮೊದಲು ಚೀಲವನ್ನು ಒಳಮಗ್ಗುಲು ತಿರುಗಿಸಿ. ಅಂಚು ಒಳಗೆ ಮಡಚಿ ಎರಡು ಸಾಲು ಹೊಲಿದಿದ್ದರೆ ಸರಿ. ಬಿಡಿ ಎಳೆಗಳು ಹೊರಗೆ ಇಣುಕುತ್ತಿದ್ದರೆ ವಾಪಸ್ ಇಡಿ. ಹಾಗೆ ಬಿಟ್ಟ ಅಂಚಿನಲ್ಲಿ ನುಚ್ಚು ಸಿಕ್ಕಿಹಾಕಿಕೊಂಡು ಎಷ್ಟು ತೊಳೆದರೂ ಹೋಗುವುದಿಲ್ಲ, ಆಮೇಲೆ ಬೂಷ್ಟು ಹಿಡಿಯುತ್ತದೆ. ಹೊಲಿಗೆಯ ಎರಡೂ ಬದಿಗೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಎಳೆದು ನೋಡಿ. ಸೂಜಿಯ ತೂತುಗಳು ಬಾಯಿ ಬಿಟ್ಟು ಬೆಳಕು ಕಂಡರೆ ಅದು ಇಂದಲ್ಲ ನಾಳೆ ಕೈಕೊಡುವ ಚೀಲ. ದಾರವೂ ಪಾಲಿಯೆಸ್ಟರೇ ಆಗಿರಬೇಕು. ಹತ್ತಿಯ ದಾರ ಪದೇ ಪದೇ ನೆನೆದು ಕೊಳೆಯುತ್ತದೆ. ಹಿಡಿಕೆಯ ಪಟ್ಟಿಗಳನ್ನಂತೂ ಮರೆಯಲೇಬೇಡಿ. ಒಳ್ಳೆಯ ಚೀಲದಲ್ಲಿ ದಪ್ಪ ಪಟ್ಟಿ ಒಂದು ಕಡೆಯಿಂದ ಇಳಿದು, ತಳದ ಕೆಳಗೆ ಹಾದು, ಇನ್ನೊಂದು ಕಡೆ ಮೇಲೆ ಬರುತ್ತದೆ. ಭಾರ ಪಟ್ಟಿಯ ಮೇಲೆ ಕೂರುತ್ತದೆ, ತಳದ ಹೊಲಿಗೆಯ ಮೇಲಲ್ಲ. ನನ್ನ ಚೀಲದಲ್ಲಿ ಹಿಡಿಕೆಗಳನ್ನು ಬಾಯಿಯ ಅಂಚಿಗೆ ಸುಮ್ನೆ ಅಂಟಿಸಿದ ಹಾಗೆ ಹೊಲಿದಿದ್ದರು. ಪೂರ್ತಿ ಭಾರ ಬಿದ್ದದ್ದು ತಳದ ಆ ಒಂಟಿ ಸಾಲಿನ ಮೇಲೆ.

ಇನ್ನು ಅಳತೆ. ನನ್ನ ಪಾತ್ರೆ 36 ಸೆಂಟಿಮೀಟರ್ ಅಗಲ, 40 ಎತ್ತರ, ಹೆಚ್ಚುಕಡಿಮೆ 40 ಲೀಟರ್. ಪಾತ್ರೆಯ ಬಾಯಿಯ ಸುತ್ತಳತೆ ಅಗಲದ 3.14 ಪಟ್ಟು, ಅಂದರೆ 113 ಸೆಂಟಿಮೀಟರ್. ಚೀಲವನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿದಾಗ ಅದರ ಅಗಲ ಇದರ ಅರ್ಧ, 57ಕ್ಕಾದರೂ ಬರಬೇಕು. 60 ಇದ್ದರೆ ಆರಾಮ. ಉದ್ದಕ್ಕೆ ಪಾತ್ರೆಯ ಎತ್ತರ 40, ತಳವನ್ನು ಆವರಿಸಲು ಅಗಲದ ಅರ್ಧ 18, ಅಂಚಿನ ಮೇಲೆ ಮಡಚಲು ಒಂದು 10. ಒಟ್ಟು 68. ‘ಎಲ್ಲ ಪಾತ್ರೆಗೂ’ ಅಂದ ಚೀಲದ ಅಗಲ 45. ಅಂಚಿನ ಮೇಲೆ ಅದು ಕೂರುವ ಮಾತೇ ಇಲ್ಲ. ಲಾಡಿಯನ್ನು ಪಾತ್ರೆಯ ಹಿಡಿಕೆಗಳಿಗೆ ಬಿಗಿದು ಕಟ್ಟಿಕೊಳ್ಳಿ ಅಂತ ಒಳಗಿದ್ದ ಚೀಟಿಯಲ್ಲೇ ಬರೆದಿತ್ತು.

ಹಾಗೆ ಕಟ್ಟಿದರೆ ಏನಾಗುತ್ತದೆ? ಕಾಳು ಪಾತ್ರೆಯ ತುಂಬ ಹರಡಿಕೊಳ್ಳುವುದಿಲ್ಲ. ನಡುವೆ ಉಂಡೆ ಕಟ್ಟಿ ಕೂರುತ್ತದೆ. ಉಂಡೆಯ ಒಳಗೆ ಹಿಟ್ಟು ಒಣಗಿಯೇ ಇರುತ್ತದೆ, ಸುತ್ತಲೂ ಬರಿ ಬಿಸಿನೀರು. ಸೌಟು ಹಾಕಿ ಕಲಕಲೂ ಜಾಗ ಇರುವುದಿಲ್ಲ. ಒಂದು ಕಡೆ ಥರ್ಮಾಮೀಟರ್ 67 ತೋರಿಸಿದರೆ ಉಂಡೆಯ ನಡುವೆ ಬೇರೆಯೇ. ಸಕ್ಕರೆ ಸರಿಯಾಗಿ ಇಳಿಯುವುದಿಲ್ಲ, ವರ್ಟ್‌ನ ಸಕ್ಕರೆ ಅಳೆಯುವ ಹೈಡ್ರೋಮೀಟರ್‌ನ ಅಂಕಿ ಅಂದುಕೊಂಡದ್ದಕ್ಕಿಂತ ಕೆಳಗೇ ನಿಲ್ಲುತ್ತದೆ. ಚೀಲ ಹರಿಯದೇ ಇದ್ದಿದ್ದರೂ ಆ ಬಿಯರ್ ತೆಳ್ಳಗೇ ಆಗುತ್ತಿತ್ತು. ಚೀಲ ದೊಡ್ಡದಾದರೆ ಕೆಡುಕೇನಿಲ್ಲ, ಸ್ವಲ್ಪ ನೆರಿಗೆ ಬೀಳುತ್ತದೆ ಅಷ್ಟೇ. ಅಳತೆ ಹೇಳದವರ ಹತ್ತಿರ ಕೊಳ್ಳಬೇಡಿ.

ಜಾಲರಿಯ ಕಣ್ಣಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಎರಡನೆಯ ಮಾತು. 200ರಿಂದ 250 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇದ್ದರೆ ಸಾಕು. ‘ಫೈನ್ ಮೆಶ್’ ಅಂತ ಬರೆದು ಅಂಕಿ ಹಾಕದಿದ್ದರೆ ಅಂಕಿ ಕೇಳಿ. ಸಣ್ಣ ಕಣ್ಣಿದ್ದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ತೀರಾ ಸಣ್ಣದಾದರೆ ಹಿಟ್ಟು ಕಣ್ಣಿಗೆ ಮೆತ್ತಿಕೊಂಡು ನೀರು ಇಳಿಯುವುದಿಲ್ಲ. ಚೀಲದ ತುಂಬ ನೀರನ್ನೇ ಎತ್ತಿದ ಹಾಗಾಗುತ್ತದೆ, ಹೊಲಿಗೆಗೆ ಅದೇ ಶತ್ರು. ಗೋಧಿ, ಓಟ್ಸ್, ರೈ ಜಾಸ್ತಿ ಹಾಕುವವರಿಗೆ ಇದು ಇನ್ನೂ ಕಷ್ಟ, ಅವುಗಳ ಲೋಳೆ ಸೋರುವುದನ್ನು ತಡೆಯುತ್ತದೆ. ಪಂಪ್ ಇಟ್ಟು ವರ್ಟ್ ಸುತ್ತಿಸುವವರ ಪಾಡೂ ಹೀಗೇ. ಚೀಲದಿಂದ ಕೆಳಗೆ ಇಳಿಯುವುದಕ್ಕಿಂತ ವೇಗವಾಗಿ ಪಂಪ್ ಎಳೆದರೆ ತಳ ಒಣಗುತ್ತದೆ. ಕಣ್ಣು ದೊಡ್ಡದಾದರೆ ಹಿಟ್ಟು ಒಂದಿಷ್ಟು ವರ್ಟ್‌ಗೆ ಇಳಿಯುತ್ತದೆ. ಅದರಲ್ಲಿ ಬಹುಪಾಲು ಆಮೇಲೆ ಗಸಿಯ ಜೊತೆ ತಳಕ್ಕೆ ಕೂರುತ್ತದೆ.

ಮಸ್ಲಿನ್ ಬಟ್ಟೆಯ ಚೀಲ ಬೇಡವೇ ಬೇಡ. ಅದು ಅರ್ಧ ಕಿಲೊ ಕಾಳು ನೆನೆಸಿ ತೆಗೆಯುವ ಕೆಲಸಕ್ಕೆ ಇರುವುದು. ನೆನೆದರೆ ಹಿಗ್ಗುತ್ತದೆ, ವರ್ಟ್ ಕುಡಿಯುತ್ತದೆ, ಎಳೆ ಬಿಡುತ್ತದೆ. ನೈಲಾನ್ ನೀರು ಹೀರಿ ಬಿಸಿಯಲ್ಲಿ ಸ್ವಲ್ಪ ಜಗ್ಗುತ್ತದೆ. ಪಾಲಿಯೆಸ್ಟರ್ ಅಷ್ಟು ಜಗ್ಗುವುದಿಲ್ಲ. ನಾನು ಈಗ ಬಳಸುವುದು ಪಾಲಿಯೆಸ್ಟರ್ ವಾಯ್ಲ್, ಅಂದರೆ ಪರದೆಗೆ ಬಳಸುವಂಥ ತೆಳು ಬಟ್ಟೆ. ನೈಲಾನ್, ಪಾಲಿಯೆಸ್ಟರ್ ಎರಡೂ ಕರಗುವುದು 200 ಡಿಗ್ರಿ ದಾಟಿದ ಮೇಲೆಯೇ, ಕುದಿಯುವ ನೀರಿಗೆ ಹೆದರುವುದಿಲ್ಲ. ಆದರೆ ಉರಿಯ ಮೇಲಿರುವ ಪಾತ್ರೆಯ ತಳಕ್ಕೆ ಕಾಳು ತುಂಬಿದ ಚೀಲ ಒತ್ತಿ ಕೂತರೆ ಅಲ್ಲಿ ನೀರು ಓಡಾಡುವುದಿಲ್ಲ. ಸಕ್ಕರೆ ತಳ ಹಿಡಿದು ಸೀಯುತ್ತದೆ, ಅದರ ಜೊತೆ ಚೀಲಕ್ಕೂ ತೂತು ಬೀಳುತ್ತದೆ. ತಳದಲ್ಲಿ ಸ್ಟೀಲ್ ಜಾಲರಿ ತಟ್ಟೆಯೊಂದನ್ನು ಇಡಿ. ಚೀಲ ಒಳಗಿರುವಾಗ ಉರಿ ಹಚ್ಚಲೇಬೇಕಾದರೆ ಸಣ್ಣಗೆ ಇಟ್ಟು ಕಲಕುತ್ತಿರಿ.

ತಳ ಬಿಟ್ಟ ಮೇಲೆ ಆ ಬಿಯರ್ ಏನಾಯಿತು ಅಂತ ಕೇಳುತ್ತೀರಿ. ಅಡುಗೆಮನೆಯ ಜರಡಿಯಲ್ಲಿ ಸೌಟು ಸೌಟಾಗಿ ಸೋಸಿದೆ. ದೊಡ್ಡ ನುಚ್ಚು ಬಂತು, ಹೊಟ್ಟಿನ ಚೂರುಗಳು ಉಳಿದವು. ಪಾತ್ರೆಯ ನಲ್ಲಿ ಹೊಟ್ಟು ಕಚ್ಚಿಕೊಂಡು ಕಟ್ಟಿತು. ಉಳಿದ ಹೊಟ್ಟು ಹಾಪ್ಸ್ ಜೊತೆ ಕುದಿಯಿತು. ಹುದುಗಿ, ಬಾಟಲಿ ಸೇರಿ, ತಣ್ಣಗಾಗಿ ಬಂದ ಬಿಯರ್ ಕುಡಿದರೆ ನಾಲಗೆಯ ಎರಡೂ ಬದಿ ಒಣಗಿದಂತೆ ಒಗರು. ಹೊಟ್ಟಿನ ಟ್ಯಾನಿನ್ ಅದು. ಎಷ್ಟು ದಿನ ಇಟ್ಟರೂ ಕಡಿಮೆಯಾಗಲಿಲ್ಲ. ಸುರಿದೆ.

ಈ ಒಗರಿನ ಹೆದರಿಕೆಯಿಂದ ಕೆಲವರು ಚೀಲವನ್ನು ಹಿಂಡಲೇಬಾರದು ಅನ್ನುತ್ತಾರೆ. ಹಿಂಡುವುದರಿಂದ ಒಗರು ಬರುವುದಿಲ್ಲ. ನೀರಿನ ಪಿಎಚ್ 6ರ ಹತ್ತಿರಕ್ಕೆ ಏರಿ, ಬಿಸಿಯೂ 77 ಡಿಗ್ರಿ ದಾಟಿದರೆ ಟ್ಯಾನಿನ್ ಹೊರಗೆ ಬರುತ್ತದೆ. ಗಟ್ಟಿ ಚೀಲ ಇದ್ದರೆ ಧೈರ್ಯವಾಗಿ ಹಿಂಡಿ. 5 ಕಿಲೊ ಕಾಳಿನಿಂದ ಎರಡು ಲೀಟರ್‌ವರೆಗೂ ಹೆಚ್ಚು ವರ್ಟ್ ಸಿಗುತ್ತದೆ. ಕಳಪೆ ಚೀಲದಲ್ಲಿ ಹಿಂಡಲು ಕೈ ಬರುವುದಿಲ್ಲ, ಅಷ್ಟೂ ಕಾಳಿನ ಜೊತೆ ತಿಪ್ಪೆಗೆ ಹೋಗುತ್ತದೆ.

ಎತ್ತುವ ವಿಷಯದಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಮೊದಲು ಉರಿ ಆರಿಸಿ. ಮೊಣಕೈವರೆಗೆ ಬರುವ, ಶಾಖ ತಡೆಯುವ ಕೈಗವಸು ಹಾಕಿ. ಮೇಲೆ ಗಟ್ಟಿ ಕೊಕ್ಕೆ ಇದ್ದರೆ ಹಗ್ಗ, ರಾಟೆ ಕಟ್ಟಿ ಎತ್ತಿ. ತುಸು ಎತ್ತಿ, ನಿಲ್ಲಿಸಿ, ಸೋರಲು ಬಿಟ್ಟು, ಮತ್ತೆ ಎತ್ತಿ. ಮಕ್ಕಳು, ನಾಯಿ, ಬೆಕ್ಕು ಆ ಕೋಣೆಯಲ್ಲೇ ಇರಬಾರದು. ಚೀಲ ಎಷ್ಟೇ ಒಳ್ಳೆಯದಿರಲಿ, ಅದರ ಕೆಳಗೆ ಮುಖ ತರಬೇಡಿ.

ಹೊಸ ಚೀಲ ಬಂದ ದಿನವೇ, ತೊಳೆಯುವ ಮೊದಲೇ, ಭಾರದ ಪರೀಕ್ಷೆ ಮಾಡಿ. ನೀರು ತುಂಬಿದ ಬಾಟಲಿಗಳನ್ನು ಒಳಗಿಟ್ಟು 20 ಕಿಲೊ ಮಾಡಿ, ಕೊಕ್ಕೆಗೆ ತೂಗುಹಾಕಿ ಒಂದು ಗಂಟೆ ಬಿಡಿ. ಇಳಿಸಿದ ಮೇಲೆ ತಳದ ಮೂಲೆಗಳನ್ನು ಬೆಳಕಿಗೆ ಹಿಡಿಯಿರಿ. ತೂತು ಉದ್ದವಾಗಿದ್ದರೆ ಹಾಗೇ ಪೊಟ್ಟಣಕ್ಕೆ ಹಾಕಿ ವಾಪಸ್ ಕಳಿಸಿ. ತೊಳೆದ ಚೀಲವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಹೊಲಿಗೆ ಬಲ್ಲವರು ಮನೆಯಲ್ಲಿದ್ದರೆ ಪಾಲಿಯೆಸ್ಟರ್ ವಾಯ್ಲ್ ತಂದು ನೀವೇ ಹೊಲಿಸಿಕೊಳ್ಳಬಹುದು. ಅಂಚಿಗೆ ಒಂದೂವರೆ ಸೆಂಟಿಮೀಟರ್ ಬಿಡಿಸಿ, ಒಳಗೆ ಮಡಚಿ ಎರಡು ಸಾಲು ಹಾಕಿಸಿ, ಪಟ್ಟಿಯನ್ನು ತಳದ ಕೆಳಗೆ ಹಾಯಿಸಿ. ತಳ ಸ್ವಲ್ಪ ಕಿರಿದಾಗುತ್ತಾ ಬಂದರೆ ಬೇಗ ಸೋರುತ್ತದೆ, ಹಿಂಡಲೂ ಸುಲಭ.

ಬಳಸಿದ ಕೂಡಲೇ ಚೀಲವನ್ನು ತಿರುಗಿಸಿ ಬರಿ ನೀರಲ್ಲಿ ಝಾಡಿಸಿ. ಸುವಾಸನೆಯ ಸೋಪು, ಬಟ್ಟೆ ಮೃದು ಮಾಡುವ ದ್ರವ ಬೇಡ, ಅದರ ಜಿಡ್ಡು ಬಿಯರ್‌ನ ನೊರೆ ಕೊಲ್ಲುತ್ತದೆ. ಪೂರ್ತಿ ಒಣಗಿಸಿ ಎತ್ತಿಡಿ. ಪ್ರತಿ ಸಲ ಎತ್ತಿಡುವಾಗ ತಳದ ಹೊಲಿಗೆಯ ಮೇಲೆ ಬೆರಳಾಡಿಸಿ. ಒಂದೇ ಒಂದು ಕಡೆ ಎಳೆ ಜಾರಿದ್ದರೂ ಆ ಚೀಲಕ್ಕೆ ಮತ್ತೆ ಕಾಳು ತುಂಬಬೇಡಿ, ಹಾಪ್ಸ್ ಹಾಕಲು ಇಟ್ಟುಕೊಳ್ಳಿ.